ಧೂಪಕ್ಕೆ ಹೋದ ಇದ್ದಲಿ

ಆ ಸೋಮವಾರ ಬೆಳಿಗ್ಗೆ ಆಳಂದದ ಮೇಲೆ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದಿತ್ತು. ಶಿವಕಾಂತಾ ಗಾಜಿನ ಪೆಟ್ಟಿಗೆಯಲ್ಲಿ ಬೆಳೆಸಿದ ಪುಟ್ಟ ತೋಟದ ಪಾಚಿಯ ಮೇಲೆಲ್ಲ ಬಿಳಿ ಬೂಸ್ಟು ಹಬ್ಬಿತ್ತು. ಇನ್ನೆರಡು ದಿನ ಬಿಟ್ಟರೆ ತೋಟವೇ ಕೊಳೆಯುತ್ತದೆ. ಬೂಸ್ಟು ತಿಂದು ಚೊಕ್ಕಟ ಮಾಡುವ ಸ್ಪ್ರಿಂಗ್‌ಟೇಲ್ ಎಂಬ ರವೆಯಷ್ಟು ಸಣ್ಣ ಹುಳುಗಳನ್ನು ಅವಳು ಬೇಸಿಗೆಯಿಂದ ಒದ್ದೆ ಇದ್ದಲಿಯ ಡಬ್ಬಿಯಲ್ಲಿ ಸಾಕಿದ್ದಳು. ಇಂದು ತೋಟಕ್ಕೆ ಬಿಡೋಣವೆಂದರೆ ಡಬ್ಬಿ ಖಾಲಿ.

"ಅತ್ತಿ, ಇದರಾಗಿನ ಇದ್ದಲಿ ಎಲ್ಲೈತ್ರಿ?"

"ಧೂಪಕ್ಕ ಹಾಕೀನಿ ಬೇ," ಎಂದಳು ಪೂಜೆ ಮುಗಿಸಿದ ನಿಂಬೆವ್ವ. "ಇದ್ದಲಿ ಯಾರರ ನೀರಾಗ ಇಡ್ತಾರೇನ? ಒಲಿ ಮ್ಯಾಲೆ ಒಣಗಿಸೋದ್ರಾಗ ಸಾಕಾಗಿ ಹೋತು."

"ಅದರಾಗ ನನ್ನ ಹುಳ ಇದ್ದುವ್ರಿ! ಮುಟ್ಟಬ್ಯಾಡ್ರಿ ಅಂತ ಎಷ್ಟು ಸಲ ಬಡಕೊಂಡೀನಿ!"

ಇರುವೆಗೂ ಸಕ್ಕರೆ ಹಾಕುವ ನಿಂಬೆವ್ವ ಧೂಪದ ಬಟ್ಟಲನ್ನೇ ನೋಡುತ್ತ ನಿಂತಳು. ಶಿವಕಾಂತಾ ಚಮಚದಿಂದ ಬೂಸ್ಟು ಕೆರೆಯತೊಡಗಿದಳು. ಪಾಚಿಯೂ ಕಿತ್ತು ಬಂದಾಗ ಸಿಟ್ಟಿಗೆ ಚಮಚ ಎಸೆದಳು.

ಮಧ್ಯಾಹ್ನ ನಿಂಬೆವ್ವ ತೊಯ್ದು ತಪ್ಪಡಿಯಾಗಿ ಮನೆಗೆ ಬಂದಳು. ಹಿಂದೊಮ್ಮೆ ಸೊಸೆ ಪಕ್ಕದ ಓಣಿಯ ಪಂಚಶೀಲಾಗೆ ಇದೇ ಹುಳುಗಳಿದ್ದ ಇದ್ದಲಿಯ ಚೂರೊಂದನ್ನು ಕೊಟ್ಟಿದ್ದಳು. ಸಿಟ್ಟಿನಲ್ಲಿ ಶಿವಕಾಂತಾಗೆ ಅದು ನೆನಪಾಗಿರಲಿಲ್ಲ, ಅತ್ತೆಗೆ ನೆನಪಾಗಿತ್ತು. ಅವಳು ಸೆರಗಿನ ಗಂಟು ಬಿಚ್ಚಿದಳು. ಕರಿ ಇದ್ದಲಿಯ ಮೇಲೆ ಬಿಳಿ ಚುಕ್ಕೆಗಳು ಜಿಗಿಯುತ್ತಿದ್ದವು. ಅದನ್ನು ಸೊಸೆಯ ಅಂಗೈಯಲ್ಲಿಟ್ಟಳು.