ಮೂರು ಸಲ ಸೋರಿದ ಸೀಲ್

ಅಪ್ಪನ ಹಳೇ ಫೋರ್‌ವೀಲ್ ಜೀಪಿಗೆ ಎಣ್ಣೆ ತಡೆಯಲು ನಾನು ಹಾಕಿದ ರಬ್ಬರ್ ಬಳೆ, ಆಯಿಲ್ ಸೀಲ್, ನಾಲ್ಕೇ ದಿನಕ್ಕೆ ಸೋರಿತು. ಹಿಂದಿನ ಎಡಚಕ್ರದ ಡ್ರಮ್ ಬಿಚ್ಚಿದರೆ ಒಳಗೆಲ್ಲ ಎಣ್ಣೆ, ಬ್ರೇಕ್ ಶೂಗಳು ಎಣ್ಣೆಯಲ್ಲೇ ಮಿಂದಿದ್ದವು. ಅಪ್ಪ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲೇ ಕೂತರು. ಇನ್ನು ಏನು ಬರುತ್ತದೆ ಅಂತ ನನಗೆ ಗೊತ್ತಿತ್ತು.

"ನೀನೂ ನಿಮ್ಮಣ್ಣನ ಥರಾನೇ ಆದೆ. ಸೀಲ್ ಕೂರಿಸೋ ಕೈಯೇ ಅಲ್ಲ ಇದು. ನಾನು ಹಾಕಿದ್ದು ಹತ್ತು ವರ್ಷ ಒಂದು ತೊಟ್ಟೂ ಬಿಟ್ಟಿರಲಿಲ್ಲ."

ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಹತ್ತು ವರ್ಷದ ಹಿಂದೆ ಇದೇ ಚಕ್ರಕ್ಕೆ ಅಣ್ಣ ಎರಡು ತಿಂಗಳಲ್ಲಿ ಮೂರು ಸೀಲ್ ಹಾಕಿದ್ದ. ಮೂರೂ ಸೋರಿದವು. ಮೂರನೆಯದು ಸೋರಿದ್ದು ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಾಗ. ಎಣ್ಣೆ ಕುಡಿದ ಬ್ರೇಕು ಹಿಡಿಯಲಿಲ್ಲ, ಜೀಪು ಗೋಡೆಗೆ ಗುದ್ದಿತು, ಅಮ್ಮನ ಮೊಣಕಾಲು ಪುಡಿಯಾಯಿತು. ಅಪ್ಪ ನಮ್ಮ ಗ್ಯಾರೇಜಿಗೆ ಬಂದಿದ್ದ ನಾಲ್ಕು ಜನ ಗಿರಾಕಿಗಳ ಎದುರು ಅಣ್ಣನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, ಹೆತ್ತ ತಾಯಿಯ ಕಾಲು ಮುರಿದವನು ಅಂದರು.

ಅಣ್ಣ ಅವತ್ತೇ ಮನೆ ಬಿಟ್ಟ. ಆಮೇಲೆ ಅವನು ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಬೇರೆ ಊರಿನ ಚಪ್ಪಲಿ ಅಂಗಡಿಯಲ್ಲಿ ಬಂದವರ ಪಾದ ಅಳೆಯುತ್ತಾನೆ. ಮನೆಗೆ ಬಾ ಅಂತ ನಾನು ಕರೆದಾಗಲೆಲ್ಲ ಒಂದೇ ಉತ್ತರ, ಅಮ್ಮ ಕುಂಟೋದನ್ನ ನೋಡೋಕೆ ನನಗೆ ಮುಖ ಇಲ್ಲ ಕಣೆ. ಅಮ್ಮನೋ, ಮುಂದಿನ ಕೋಣೆಯಲ್ಲಿ ಕೂತು ನಮ್ಮ ಹಳೇ ಬೋಲ್ಟು ನಟ್ಟುಗಳನ್ನು ಅಳತೆವಾರು ಡಬ್ಬಿಗೆ ಹಾಕುತ್ತಾ, ಅವನು ಈ ಸಲವಾದರೂ ಬರ್ತಾನಾ ಅಂತ ನನ್ನನ್ನೇ ಕೇಳುತ್ತಾಳೆ. ಇಬ್ಬರ ನಡುವೆ ಸಿಕ್ಕಿ ನಾನು ಹಣ್ಣಾಗಿದ್ದೇನೆ. ಅಣ್ಣನನ್ನು ಹೇಗಾದರೂ ಒಂದು ಸಲ ಮನೆಗೆ ಬರುವ ಹಾಗೆ ಮಾಡಬೇಕು ಅನ್ನುವುದೊಂದೇ ನನ್ನ ಆಸೆ.

"ಎಂಜಿನ್ನೂ ಹೋಯ್ತು," ಅಂದರು ಅಪ್ಪ. "ಡಿಪ್‌ಸ್ಟಿಕ್ ತೂತಿಂದ ಎಣ್ಣೆ ಉಗೀತಿದೆ. ರಿಂಗ್ ಸವೆದಿದೆ. ಪೂರ್ತಿ ಬಿಚ್ಚಬೇಕು."

ಅಪ್ಪನಿಗೆ ಏನು ಕಂಡರೂ ಪೂರ್ತಿ ಬಿಚ್ಚಬೇಕು. ನಾನು ಎಂಜಿನ್ ಚಾಲೂ ಮಾಡಿ, ಎಣ್ಣೆ ತುಂಬುವ ಮುಚ್ಚಳ ತೆಗೆದು, ಆ ತೂತಿನ ಬಾಯಿಗೆ ಅಂಗೈ ಅಡ್ಡ ಹಿಡಿದೆ. ಪಿಸ್ಟನ್ನಿನ ರಿಂಗ್ ಸವೆದಿದ್ದರೆ ಗಾಳಿ ಕೈಯನ್ನು ತಳ್ಳಬೇಕು. ಇದು ಸುಮ್ಮನೆ ಬೆಚ್ಚಗೆ ಊದಿತು, ಅಷ್ಟೇ. ಎಂಜಿನ್ ಒಳಗೆ ಸೇರುವ ಗಾಳಿ ಹೊರಗೆ ಹೋಗಲು ಒಂದು ಪೈಪಿರುತ್ತದೆ, ಬ್ರೀದರ್ ಅನ್ನುತ್ತೇವೆ. ಅದನ್ನು ಕಿತ್ತು ಬೆಳಕಿಗೆ ಹಿಡಿದೆ. ಆಚೆಯ ಬೆಳಕು ಕಾಣಲಿಲ್ಲ. ಒಳಗೆ ಕಪ್ಪು ಜಿಡ್ಡು ಗಟ್ಟಿಯಾಗಿ ಕಟ್ಟಿಕೊಂಡಿತ್ತು. ತಂತಿ ಹಾಕಿ ಕೆರೆದು, ಡೀಸೆಲ್‌ನಲ್ಲಿ ತೊಳೆದು, ಮತ್ತೆ ಸಿಕ್ಕಿಸಿದೆ. ಅರ್ಧ ಗಂಟೆ ಎಂಜಿನ್ ಓಡಿಸಿದರೂ ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಹತ್ತಿರ ಒಂದು ಹನಿಯೂ ಬರಲಿಲ್ಲ. ಅಪ್ಪ ಕುರ್ಚಿಯನ್ನು ಚಕ್ರದ ಕಡೆ ತಿರುಗಿಸಿಕೊಂಡರು.

ಆಗ ನನಗೆ ತಟ್ಟನೆ ಹೊಳೆಯಿತು. ಹಿಂದಿನ ಚಕ್ರಗಳನ್ನು ಕೂಡಿಸುವ ಆಕ್ಸಲ್‌ಗೂ ಒಂದು ಬ್ರೀದರ್ ಇದೆ. ಜೀಪು ಓಡಿದಂತೆ ಅದರೊಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಮೇಲಿನ ದಾರಿ ಮುಚ್ಚಿದ್ದರೆ ಎಣ್ಣೆಯನ್ನು ಸೀಲ್‌ನಿಂದಲೇ ಆಚೆ ನೂಕುತ್ತದೆ. ಎಂಥ ಹೊಸ ಸೀಲ್ ಹಾಕಿದರೂ ಅದೇ ಕಥೆ. ನಾಲ್ಕು ದಿನದ ಹಿಂದೆಯೇ ನೋಡಬೇಕಿತ್ತು. ನನಗೆ ನಾನೇ ಬೈದುಕೊಂಡು ಜೀಪಿನಡಿ ನುಗ್ಗಿದೆ.

ಮಣ್ಣು ಕೆರೆದರೆ ಬ್ರೀದರ್ ಮೇಲೆ ತುಂಡು ರಬ್ಬರ್ ಪೈಪು, ಅದರ ಬಾಯಿಗೆ ಒಂದು ಬೋಲ್ಟು, ಸುತ್ತ ಬಿಗಿದ ತಂತಿ. ತಂತಿ ಎಡಕ್ಕೆ ತಿರುಚಿಕೊಂಡಿತ್ತು. ನಮ್ಮ ಗ್ಯಾರೇಜಿನಲ್ಲಿ ಎಡಗೈಯವರು ಅಪ್ಪ ಒಬ್ಬರೇ. ಕಳೆದ ವಾರ ಹೊಳೆ ದಾಟಿ ಹೋಗಿದ್ದರಲ್ಲ, ಆಕ್ಸಲ್ ಒಳಗೆ ನೀರು ನುಗ್ಗದಿರಲಿ ಅಂತ ಮುಚ್ಚಿದ್ದಾರೆ. ಆಚೆ ದಡದಲ್ಲಿ ಬಿಚ್ಚಲು ಮರೆತಿದ್ದಾರೆ.

ಕಿತ್ತುಕೊಂಡು ಬಂದು ಅವರ ಮಡಿಲಿಗೇ ಹಾಕಿದೆ. "ನೋಡಿ, ನನ್ನ ಕೈಯ ಹಣೆಬರಹ."

ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ತಮ್ಮಷ್ಟಕ್ಕೆ ಅಂದುಕೊಂಡರು, "ಥೂ, ಮತ್ತೆ ಮರೆತೆ."

ನಾನು ಅವರ ಎದುರಿಗೇ ಕುಕ್ಕರುಗಾಲಲ್ಲಿ ಕೂತೆ. "ಮತ್ತೆ ಅಂದ್ರೆ?"

ಅವರು ತಂತಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

"ಅಪ್ಪಾ, ಮತ್ತೆ ಅಂದ್ರೆ ಏನು? ಅಣ್ಣ ಹಾಕಿದ ಸೀಲೂ ಹೀಗೇ ಸೋರಿದ್ದಾ?"

"ಮೆತ್ತಗೆ ಮಾತಾಡು," ಅಂದರು ಮುಂದಿನ ಕೋಣೆಯ ಕಡೆ ನೋಡುತ್ತಾ. "ಅವನು ಹೋಗಿ ಒಂದು ವಾರಕ್ಕೆ ನಾನೇ ಕೆಳಗಿಳಿದು ನೋಡಿದೆ. ಇದೇ ಥರ ಮುಚ್ಚಿತ್ತು. ಬಿಚ್ಚಿ ಎಸೆದು ಹೊಸ ಸೀಲ್ ಹಾಕಿದೆ."

"ಹಾಕಿ, ಹತ್ತು ವರ್ಷ ಸೋರಲಿಲ್ಲ ಅಂತ ಜಂಬ ಕೊಚ್ಚಿದಿರಿ!"

"ನಿಮ್ಮಮ್ಮ ಆಗ ಆಸ್ಪತ್ರೇಲಿದ್ದಳು. ನನ್ನಿಂದಲೇ ಆಯ್ತು ಅಂತ ಯಾವ ಬಾಯಲ್ಲಿ ಹೇಳಲಿ? ಅಷ್ಟಕ್ಕೂ ಸೀಲ್ ಹಾಕೋನು ಮೊದಲು ಬ್ರೀದರ್ ನೋಡಬೇಡವಾ? ಅವನು ನೋಡಲಿಲ್ಲ. ನೀನೂ ನೋಡಲಿಲ್ಲ."

ಮೈಯೆಲ್ಲ ಉರಿದುಹೋಯಿತು. ಎಲ್ಲಕ್ಕಿಂತ ಹೆಚ್ಚು ಉರಿದದ್ದು, ಆ ಕೊನೆಯ ಮಾತು ಸುಳ್ಳಲ್ಲವಲ್ಲ ಅಂತ. ಫೋನ್ ಅವರ ಮುಂದೆ ಹಿಡಿದು, ಈಗಲೇ ಅವನಿಗೆ ಹೇಳಿ ಅಂದೆ. ಅವರು ಎದ್ದು, "ನೀನೇ ಹೇಳು, ನಿನ್ನ ಮಾತಾದ್ರೆ ಕೇಳ್ತಾನೆ," ಅಂತ ಸೋಪು ತೆಗೆದುಕೊಂಡು ನಲ್ಲಿಯ ಹತ್ತಿರ ಹೋದರು.

ನಾನೇ ಹೇಳಿದೆ. ರಬ್ಬರ್ ಪೈಪು, ಬೋಲ್ಟು, ತಂತಿ, ಹೊಳೆ, ಆಗಲೂ ಇದೇ ಆಗಿದ್ದು, ಎಲ್ಲ. ಆ ಕಡೆ ಅಂಗಡಿಯ ಗಲಾಟೆ ಕೇಳಿಸುತ್ತಿತ್ತು. ಅಣ್ಣ ಕೇಳಿದ, "ಅಪ್ಪಂಗೆ ಇದು ಯಾವಾಗ ಗೊತ್ತಾಯ್ತು?"

ನಿಜ ಹೇಳಿದರೆ ಅವನು ಈ ಜನ್ಮದಲ್ಲಿ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಒಳಗೆ ಅಮ್ಮ ನಟ್ಟುಗಳನ್ನು ಡಬ್ಬಿಗೆ ಹಾಕುವ ಸದ್ದು ಕೇಳಿಸುತ್ತಿತ್ತು.

"ಇವತ್ತು," ಅಂದೆ. "ಈಗ ತಾನೇ."

ಅಣ್ಣ ಬಿಕ್ಕಿದ. ಅವನು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅಯ್ಯೋ ಪಾಪ," ಅಂದ. "ಇಷ್ಟು ವರ್ಷ ಅವರಿಗೂ ಗೊತ್ತಿರಲಿಲ್ಲ ನೋಡು. ಈಗ ಎಷ್ಟು ಸಂಕಟ ಪಡ್ತಿದಾರೋ. ನೀನು ಬಾಯಿಗೆ ಬಂದ ಹಾಗೆ ಬೈಬೇಡ ಅವರನ್ನ. ಭಾನುವಾರ ಬರ್ತೀನಿ. ನಾನೇ ಸಮಾಧಾನ ಮಾಡ್ತೀನಿ."

ಬೈಯಲ್ಲ ಅಣ್ಣ, ಅಂದೆ.

ಅಪ್ಪ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು, "ಏನಂದ?" ಅಂತ ಕೇಳಿದರು.

"ಭಾನುವಾರ ಬರ್ತಾನಂತೆ," ಅಂದೆ. "ನಿಮ್ಮನ್ನ ಸಮಾಧಾನ ಮಾಡೋಕೆ."