ಬಾಗಿಲಿಗೆ ಅಡ್ಡ ಇಟ್ಟ ಬಕೆಟ್

"ಸರಿಯಾಗಿ ಉಜ್ಜೇ ಮುದುಕಿ. ಸಾಹೇಬ್ರು ಬಂದಾಗ ಗೋಡೆ ಮೇಲೆ ಒಂದಕ್ಷರ ಕಂಡ್ರೆ ನಿನ್ನನ್ನೇ ಗುಂಡಿಗೆ ಹಾಕಿ ನೀರು ಬಿಡ್ತೀನಿ" ಎಂದರು ಹೆಡ್‌ಮಾಸ್ತರು, ಮೂಗಿಗೆ ಕರ್ಚೀಫು ಹಿಡಿದು.

ಶಾಲೆಯ ಪಾಯಿಖಾನೆ ತೊಳೆಯುವ ಅಜ್ಜಿ ಹೂಂ ಎಂದಳು. ಹುಡುಗರು ಇದ್ದಿಲಲ್ಲಿ ಬರೆದದ್ದು ಅದೇ ಶಾಲೆಯಲ್ಲಿ ಓದುವ ಅವಳ ಮೊಮ್ಮಗನನ್ನೇ. ಅವಳಿಗೆ ಓದು ಬಾರದು. ಸೀರೆ ಉಡಿಸಿದ ಚಿತ್ರಕ್ಕೆ ಅಕ್ಷರ ಯಾಕೆ ಬೇಕು?

ಮೊಮ್ಮಗ ತರಗತಿಯ ಹುಡುಗನೊಬ್ಬನನ್ನು ಮೆಚ್ಚಿ ಚೀಟಿ ಬರೆದಿದ್ದ. ಅದು ಸಿಕ್ಕಿದ್ದು ಕ್ಲಾಸಿನ ಮೇಷ್ಟರಿಗೆ. ರಾಗವಾಗಿ ಎಲ್ಲರಿಗೂ ಓದಿ ಹೇಳಿದರು. ಅಂದಿನಿಂದ ಪಾಯಿಖಾನೆಯಲ್ಲಿ ನಾಲ್ವರು ಹುಡುಗರು ಅವನಿಗಾಗಿ ಕಾದು ನಿಲ್ಲುತ್ತಿದ್ದರು. ಅಲ್ಲಿಗೆ ಹೋಗುವ ಭಯಕ್ಕೆ ಹುಡುಗ ಸಂಜೆಯವರೆಗೂ ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಉರಿಮೂತ್ರ, ಜ್ವರ. "ಸತ್ರೆ ನೆಮ್ಮದಿ ಅಜ್ಜಿ" ಎಂದಿದ್ದ ಒಮ್ಮೆ, ಮುಖ ತೋರಿಸದೆ.

ಅಜ್ಜಿ ಕೈಮುಗಿದುಕೊಂಡು ಹೋದಾಗ ಹೆಡ್‌ಮಾಸ್ತರು ಅವನನ್ನು ಡ್ರಿಲ್ ಮಾಸ್ತರ ಬಳಿ ಕಳಿಸಿದ್ದರು. ಮಕ್ಕಳ ಮನಸ್ಸಿನ ಸಲಹೆಗಾರರೂ ಅವರೇ. ಎದೆ ಉಬ್ಬಿಸಿ ಮೈದಾನ ಹತ್ತು ಸುತ್ತು ಓಡು, ಗಂಡಸ್ತನ ತಾನಾಗಿ ಬರುತ್ತದೆ ಎಂದು ಸಲಹೆ ಕೊಟ್ಟು ಅವರು ಸೀಟಿ ಊದಿದ್ದರು.

ಅಂಥ ಶಾಲೆಗೆ ಇವತ್ತು 'ಮಕ್ಕಳ ಮನಸ್ಸಿಗೆ ತಾಯಿಮಡಿಲು' ಎಂಬ ಫಲಕ. ಹೆಡ್‌ಮಾಸ್ತರು ಅತ್ತ ಹೋದದ್ದೇ ಅಜ್ಜಿ ಬ್ರಷ್ಷನ್ನು ಬಕೆಟ್ಟಿಗೆ ಎಸೆದು ಎದ್ದಳು.

ಫಲಕ ಕೊಡಲು ಬಂದ ಸಾಹೇಬರು ಮೂರು ಲೋಟ ಶರಬತ್ತು ಕುಡಿದು, ಒಂದು ಗಂಟೆ ಹೊಗಳಿಕೆ ಕೇಳಿ, ಕುರ್ಚಿಯಲ್ಲಿ ಕಾಲು ಹೊಸೆಯತೊಡಗಿದರು. ಹೆಡ್‌ಮಾಸ್ತರು ತಮ್ಮ ಸ್ವಂತದ ಬಿಳಿ ಟೈಲ್ಸಿನ ಪಾಯಿಖಾನೆಗೆ ಕರೆದುಕೊಂಡು ಹೋದರು.

ಬಾಗಿಲಿಗೆ ಬಕೆಟ್ ಅಡ್ಡ. ಪಕ್ಕದಲ್ಲಿ ಅಜ್ಜಿ.

ಬಕೆಟ್ ಅಡ್ಡ ಇದ್ದರೆ ಯಾರೂ ಒಳಗೆ ಕಾಲಿಡಕೂಡದೆಂಬುದು ಹೆಡ್‌ಮಾಸ್ತರದೇ ಕಾನೂನು. ಹೋದ ವರ್ಷ ಒದ್ದೆ ನೆಲದಲ್ಲಿ ಅಂಗಾತ ಬಿದ್ದ ಮೇಲೆ ಮಾಡಿದ್ದು.

"ಒಳಗೆ ನನ್ನ ಮೊಮ್ಮಗ ಇದಾನೆ ಸಾರ್."

ಹೆಡ್‌ಮಾಸ್ತರು ನಗುಮುಖ ಬಿಡದೆ ಅವಳ ಕಿವಿಗೆ ಬಗ್ಗಿದರು. "ಆ ಹೆಣ್ಣಿಗ ಸೂಳೆಮಗನ್ನ ನನ್ನ ಪಾಯಿಖಾನೆಗೆ ಬಿಟ್ಯಾ? ಇವತ್ತಿಗೆ ನಿನ್ನ ಕೆಲಸ ಹೋಯ್ತು."

"ಹೋಗ್ಲಿ ಬಿಡಿ."

ಸಾಹೇಬರು ಕಾಲು ಬದಲಿಸಿ ನಿಂತರು. "ಅಮ್ಮಾ, ತುಂಬಾ ಹೊತ್ತಾಗುತ್ತಾ?"

"ಎಂಟು ತಿಂಗಳಿಂದ ಕಟ್ಕೊಂಡಿದಾನೆ ಸ್ವಾಮಿ, ಹೊತ್ತಾಗುತ್ತೆ" ಎಂದಳು ಅಜ್ಜಿ. "ಅವಸರ ಇದ್ರೆ ಹುಡುಗರ ಕಡೆ ಹೋಗಿ. ನೆಲ ತೊಳ್ದಿದೀನಿ. ಗೋಡೆ ಹಾಗೇ ಬಿಟ್ಟಿದೀನಿ, ಓದ್ಕೊಂಡು ಬನ್ನಿ."