ವಿಮಲಾಳ ತೊಂದರೆಗಳು

"ನಮ್ಮನಿಯವ್ರು ಮತ್ತ ಮೂಲಿ ಹಿಡದು ಕುಂತಾರ್ರಿ ಮೇಡಂ. ಮಾತಿಲ್ಲ, ಕತಿಯಿಲ್ಲ" ಎಂದು ವಿಮಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದೇ ಹೊತ್ತಿಗೆ ಅವಳ ಗಂಡ ಬಸವಂತ ಖಾಲಿ ಡಬ್ಬಿಗಳನ್ನು ಸೈಕಲ್ಲಿಗೆ ತೂಗುಹಾಕಿಕೊಂಡು, ಸಿಳ್ಳೆ ಹಾಕುತ್ತ ಅಂಗಳಕ್ಕೆ ಬಂದಿಳಿದ.

ಹೆಂಡತಿಯ ಎದುರಿಗಿದ್ದ ಮೃದುಲಾಳನ್ನು ನೋಡಿದ್ದೇ ಸಿಳ್ಳೆ ನಿಂತಿತು. "ಅಯ್ಯ, ಇವತ್ತು ನಾ ದುಃಖದಾಗ ಇರಬೇಕಿತ್ತೇನು?" ಎಂದು ಹೆಂಡತಿಯನ್ನು ಕೇಳಿದ. "ಬೇಸ್ತವಾರ ಅಂಬೂದs ಮರತೆ."

ಮೃದುಲಾಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಈ ಮರಾಠಿ ಊರಿನ ಆರ್ಡ್‌ನನ್ಸ್ ಫ್ಯಾಕ್ಟರಿಗೆ ನೌಕರಿಗೆಂದು ಧಾರವಾಡದಿಂದ ಬಂದ ಮಧುಸೂದನರಾಯರ ಮಗಳು ಅವಳು, ಸಮಾಜಕಾರ್ಯ ಎಂ.ಎ. ಕೊನೆಯ ವರ್ಷ. ಊರಾಚೆ ಹಿಂಗಣಾದ ಕಾರ್ಖಾನೆಯೊಂದರಲ್ಲಿ ಬಸವಂತನ ಎರಡು ಬೆರಳು ಮಶೀನಿಗೆ ಹೋಗಿ, ಅವನು ಮಾತೇ ಬಿಟ್ಟು ಕೂತಾಗ, ಬೀದರ ಕಡೆಯ ಕನ್ನಡದ ಮಂದಿ ಎಂದು ಕಾಲೇಜಿನವರು ಇವಳನ್ನೇ ಆ ಮನೆಗೆ ಕಳಿಸಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಇವಳೂ ಆಸ್ಪತ್ರೆ, ಯೂನಿಯನ್ನು ಎಂದು ಅಲೆದಳು. ಕೊನೆಗೆ ಕೆಲಸಗಾರರಿಗೆ ಊಟದ ಡಬ್ಬಿ ಕೊಡುವ ದಾರಿಗೆ ಗಂಡ ಹೆಂಡಿರಿಬ್ಬರನ್ನೂ ಹಚ್ಚಿದಳು. ಡಬ್ಬಿಗಳೇನೋ ಬೆಳೆದವು. ಆದರೆ ಪ್ರತಿ ಗುರುವಾರ ಬಸ್ಸಿಳಿದು ಬಂದರೆ ಆ ಮನೆಯಲ್ಲೊಂದು ಹೊಸ ತೊಂದರೆ ಕಾದಿರುತ್ತಿತ್ತು.

ಇತ್ತ ಈ ಮನೆಯ ಮೇಲೆಯೇ ಬರೆಯುತ್ತಿದ್ದ ಅವಳ ಎಂ.ಎ. ಪ್ರಬಂಧ ಮುಗಿಯುತ್ತಿರಲಿಲ್ಲ. ಕೋರ್ಟಿಗೆ ಕಾನೂನಿನ ಪ್ರಕಾರ ಹೌದೋ ಅಲ್ಲವೋ ಎಂಬುದೇ ಪ್ರಶ್ನೆ, ಆಸ್ಪತ್ರೆಗೆ ಕಾಯಿಲೆ ಇದೆಯೋ ಇಲ್ಲವೋ ಎಂಬುದು. ಹಾಗೆಯೇ ಸಮಾಜಕಾರ್ಯಕ್ಕೂ ತನ್ನದೇ ಒಂದು ಪ್ರಶ್ನೆಯಿದೆ, ಸಹಾಯ ಬೇಕೋ ಬೇಡವೋ ಎಂದು. ಆದ್ದರಿಂದ ಅದು ಯಾರಿಂದಲೂ ಕಡ ತಂದದ್ದಲ್ಲ, ಸ್ವಂತ ಶಾಸ್ತ್ರ. ಇದು ಅವಳ ವಾದ. ಮಾರ್ಗದರ್ಶಕಿ ಚಾರುಲತಾ ಮೇಡಂ ಮೈಸೂರಿನವರು, ಒಪ್ಪಿಸುವುದು ಸುಲಭವಿರಲಿಲ್ಲ. "ಸಹಾಯ ಶುರು ಮಾಡೋಕೆ ಪುಣ್ಯ ಕಟ್ಕೊಳ್ಳೋರಿಗೂ ಬರುತ್ತೆ ಕಣೆ. ಸಾಕು ಅಂತ ಹೇಳೋಕೆ ಬಂದ್ರೆ ಅದು ಶಾಸ್ತ್ರ. ನಿನ್ನ ಪ್ರಬಂಧದಲ್ಲಿ ಆ 'ಸಾಕು' ಎಲ್ಲಿ? ನಾಳೆ ಸಂಜೆಯೊಳಗೆ ಅದು ಬರದಿದ್ರೆ ಮುಂದಿನ ವರ್ಷ ನೋಡೋಣ" ಎಂದು ಇವತ್ತು ಬೆಳಿಗ್ಗೆಯಷ್ಟೇ ಹೇಳಿದ್ದರು.

"ವಿಮಲಕ್ಕಾ, ಖರೇ ಹೇಳ್ರಿ. ಹೋದ ವಾರ ನಿಮ್ಮ ಹುಡುಗಿ ಸಾಲೀಗೆ ಹೋಗವಲ್ಲಳು ಅಂದ್ರಿ. ಅದೂ ಸುಳ್ಳೇನು?"

ವಿಮಲಾ ನೆಲ ನೋಡಿದಳು. ಮೃದುಲಾಗೆ ಹೆಡ್‌ಮಾಸ್ತರರ ಮುಖ ನೆನಪಾಯಿತು. ಹುಡುಗಿಯನ್ನು ಹೇಗಾದರೂ ಶಾಲೆಗೆ ಸೆಳೆಯಬೇಕು ಎಂದು ಇವಳು ಅರ್ಧ ತಾಸು ಬೇಡಿಕೊಂಡಾಗ, ಆತ ಬೆಪ್ಪಾಗಿ "ಆಕೆ ನಮ್ಮ ಕ್ಲಾಸಿನ ಮಾನಿಟರ್" ಎಂದಿದ್ದರು. ಅದಕ್ಕೂ ಇವಳು ಪ್ರಬಂಧದಲ್ಲಿ ಒಂದು ಗಂಭೀರ ವಿವರಣೆ ಬರೆದುಬಿಟ್ಟಿದ್ದಳು!

"ಯಾಕ ಹಿಂಗ ಮಾಡಿದ್ರಿ?"

"ಮತ್ತೇನ್ ಮಾಡೂದ್ರಿ? ದೀಪಾವಳಿಗೇನೆ ನಮ್ಮದೆಲ್ಲ ಬರೋಬರ್ ಆಗಿತ್ತು. ತೊಂದ್ರಿ ಇಲ್ಲಂದ್ರ ನಿಮಗ ಮಾರ್ಕ್ಸ್ ಯಾರ ಕೊಡ್ತಾರ? ಬಿಸಿಲಾಗ ಅಷ್ಟ ದೂರ ಬರ್ತೀರಿ, ಬರಿಗೈಲೆ ಹೆಂಗ ಕಳಸೂದು ಅಂತ ವಾರಕ್ಕೊಂದು ಹುಡುಕತಿದ್ದೆ. ಬುಧವಾರ ಬಂತಂದ್ರ ನನಗ ನಿದ್ದಿ ಬರತಿದ್ದಿಲ್ಲ" ಎಂದಳು ವಿಮಲಾ. ಈ ಸಲ ಕಣ್ಣಲ್ಲಿ ನಿಜವಾದ ನೀರಿತ್ತು.

ಮೃದುಲಾಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಎರಡೂ ಸೇರಿ ಎಂಥ ನಗುವಾಗಿ ಒಡೆಯಿತೆಂದರೆ, ಬಸವಂತನೂ ಗೋಡೆ ಹಿಡಿದು ನಕ್ಕ. ದೀಪಾವಳಿಯಿಂದ ಫೆಬ್ರುವರಿವರೆಗೆ ಈ ಮನೆಯಲ್ಲಿ ಸಹಾಯ ಪಡೆಯುತ್ತಿದ್ದವಳು ತಾನೇ! ಆದರೂ ನಗು ನಿಂತ ಮೇಲೆ ಹೇಳಬೇಕಾದ ಮಾತನ್ನು ಮುಂದೂಡುತ್ತ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. ಈ ಮನೆ ಅವಳಿಗೆ ಅಷ್ಟು ಇಷ್ಟವಾಗಿತ್ತು. ಇಲ್ಲಿ ಏನೋ ಬಾಕಿಯಿದೆ ಎಂದು ನಂಬುವುದು ತನಗೂ ಬೇಕಿತ್ತೆಂದು ಈಗ ತಿಳಿಯಿತು.

"ವಿಮಲಕ್ಕಾ, ನಿಮಗ ಇನ್ನ ನನ್ನ ಸಹಾಯ ಬ್ಯಾಡ" ಎಂದಳು.

"ಹಂಗಾದ್ರ ನೀವು ಫೇಲೇನ್ರಿ?"

"ಇಲ್ರಿ. ಇದನ್ನs ಬರೀಬೇಕಾಗಿತ್ತು. ಈಗ ಪಾಸ್."

ವಿಮಲಾ ಉಸಿರು ಬಿಟ್ಟಳು. ಆದರೆ ಮುಖ ಅರಳಲಿಲ್ಲ. "ಅಂದ್ರ ಇನ್ನ ಬರಂಗಿಲ್ಲ" ಎಂದಳು ಮೆಲ್ಲಗೆ.

ಹೊರಗೆ ಕಾರ್ಖಾನೆಯ ಸೈರನ್ನು ಕೂಗಿತು. ವಿಮಲಾ ಬೆಚ್ಚಿಬಿದ್ದಳು. "ಅಯ್ಯಯ್ಯ, ಸಂಜಿ ಶಿಫ್ಟಿನ ಡಬ್ಬಿ! ಅಳೂದ್ರಾಗ ಹೊತ್ತು ಹೋತು. ಮೇಡಂ, ಸುಮ್ನ ಯಾಕ ನಿಂತೀರಿ, ಕೈ ತೊಳಕೊಂಡು ಜಲ್ದಿ ಕೂಡ್ರಿ. ಚಪಾತಿ ಲಟ್ಟಸ್ರಿ."

ಮೃದುಲಾ ಬ್ಯಾಗನ್ನು ಮೂಲೆಗೆಸೆದು ಮಣೆಯ ಮುಂದೆ ಕೂತಳು. ಮೊದಲ ಚಪಾತಿ ಒಂದು ಕಡೆ ದಪ್ಪ, ಒಂದು ಕಡೆ ತೂತು.

"ಹಿಂಗೇನ್ರಿ ಲಟ್ಟಸೂದು! ನಿಮ್ಮವ್ವ ಏನೂ ಕಲಿಸಿಲ್ಲೇನು? ತಗೀರಿ ಅದನ್ನ, ಗಿರಾಕಿ ಓಡಿ ಹೋಗ್ತಾರ" ಎಂದು ವಿಮಲಾ ಕಾವಲಿಯ ಮುಂದಿನಿಂದಲೇ ಗದರಿದಳು.

ಒಂದು ವರ್ಷದಲ್ಲಿ ಆ ಮನೆಯಲ್ಲಿ ಅವಳನ್ನು ಯಾರೂ ಬೈದಿರಲಿಲ್ಲ. ಮೃದುಲಾ ತಲೆ ತಗ್ಗಿಸಿ, ನಗು ಕಾಣದಂತೆ, ಇನ್ನೊಂದು ಉಂಡೆಯನ್ನು ಹಿಟ್ಟಿನಲ್ಲಿ ಹೊರಳಿಸಿದಳು.